ಸರ್ ಅರ್ಸಿಂಗರ ದೊಡ್ಡ ಪುಸ್ತಕ

ಊರಿನ ಒಂದೇ ಒಂದು ಅಂಗಡಿಯಲ್ಲಿ ಚಾರ್ಟ್ ಪೇಪರ್ ಮುಗಿದುಹೋಗಿತ್ತು. ಅಷ್ಟೇ ಆದದ್ದು. ಹನ್ನೆರಡು ಹಾಳೆ ಸಿಕ್ಕಿಬಿಟ್ಟಿದ್ದರೆ ಎರಡನೇ ತರಗತಿಯ ಮೇಷ್ಟ್ರು ಅರ್ಸೆನಿಯೊ ಮಗ್ಬನುವಾ ಇವತ್ತು ಪಟ್ಟಣದಲ್ಲಿ ಹೆಂಡತಿ ಮಗುವಿನ ಪಕ್ಕ ಕೂತು ಅನ್ನ, ಹುರಿದ ಮೀನು ಉಣ್ಣುತ್ತಿದ್ದರು.

ಸಮಾರ್ ದ್ವೀಪದ ಒಳಗೆ, ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲದ ಹೊಳೆದಂಡೆಯ ಊರು ಅದು. ಅಲ್ಲಿನ ಶಾಲೆಯಲ್ಲಿ ಅವರಿಗೆ ಏಳು ವರ್ಷ ಕಳೆದಿತ್ತು. ಮಕ್ಕಳಿಗೂ ದೊಡ್ಡವರಿಗೂ ಅವರು ಸರ್ ಅರ್ಸಿಂಗ್. ಹೆಂಡತಿ ನೊರ್ಮಿತಾ, ಎರಡು ವರ್ಷದ ಮಗಳು ಹೊಳೆ ಸಮುದ್ರ ಸೇರುವಲ್ಲಿನ ಪಟ್ಟಣದಲ್ಲಿದ್ದರು. ಶುಕ್ರವಾರ ಮೂರು ಗಂಟೆ ದೋಣಿಯಲ್ಲಿ ಕೂತು ಮನೆ ಮುಟ್ಟಿದರೆ ಮಗಳು ಯಾರೋ ಕಳ್ಳ ಬಂದನೆಂದು ಕಿರುಚಿ ಅಳುತ್ತಿದ್ದಳು. ಭಾನುವಾರ ಮಧ್ಯಾಹ್ನ, ಇನ್ನೇನು ಮಡಿಲಿಗೆ ಬರಬೇಕು ಅನ್ನುವಷ್ಟರಲ್ಲಿ ವಾಪಸ್ ದೋಣಿ ಹತ್ತುವ ಹೊತ್ತು. ಇದು ಅವರ ಹೊಟ್ಟೆಯನ್ನು ಎರಡು ವರ್ಷದಿಂದ ಸುಡುತ್ತಿತ್ತು.

ಈ ವರ್ಷ ಪಟ್ಟಣದ ಶಾಲೆಯಲ್ಲಿ ಒಂದು ಜಾಗ ಖಾಲಿಯಾಯಿತು. ವರ್ಗಾವಣೆ ಕಾಗದ ಸುಪರ್ವೈಸರ್ ಕಿಂತೋಸರ ಚರ್ಮದ ಚೀಲದಲ್ಲಿತ್ತು, ಅವರ ಸಹಿಯೊಂದು ಬಾಕಿ. ಗುರುವಾರ ಬಂದು ಓದಿನ ಪಾಠ ನೋಡುತ್ತೇನೆ, ‘ಅತ್ಯುತ್ತಮ’ ಅನ್ನಿಸಿದರೆ ಅಲ್ಲೇ ಸಹಿ ಹಾಕುತ್ತೇನೆ ಎಂದು ಅವರು ಹೇಳಿಕಳಿಸಿದ್ದರು. ಜೊತೆಗೆ, ಪ್ರತಿ ತರಗತಿಯಲ್ಲೂ ಒಂದು ದೊಡ್ಡ ಪುಸ್ತಕ ಕಾಣಬೇಕು ಎಂಬ ಅಪ್ಪಣೆ. ಹಿಂದಿನ ಬೆಂಚಿನ ಮಗುವಿಗೂ ಅಕ್ಷರ ಕಾಣುವಂಥ, ಬಾಗಿಲಗಲದ ಪುಸ್ತಕ. ಸುತ್ತಲ ಮೇಷ್ಟರೆಲ್ಲ ಒಟ್ಟಿಗೆ ಅಂಗಡಿಗೆ ನುಗ್ಗಿದ್ದು ಇದಕ್ಕೇ.

ಸರ್ ಅರ್ಸಿಂಗ್ ತಲೆಕೆಡಿಸಿಕೊಳ್ಳಲಿಲ್ಲ. ಕಾಗದ ಇಲ್ಲದಿದ್ದರೇನು, ಫ್ಲೆಕ್ಸ್ ಇದೆಯಲ್ಲ. ಮೇ ತಿಂಗಳ ಚುನಾವಣೆ ಮುಗಿದ ಮೇಲೆ ಊರ ತುಂಬ ಅದೇ. ಮುಂದೆ ಅಭ್ಯರ್ಥಿಯ ಮುಖ, ಹಿಂದೆ ಅಚ್ಚ ಬಿಳುಪು. ನೀರು ಹಿಡಿಯದು, ಗೆದ್ದಲು ಮುಟ್ಟದು, ಮಾರ್ಕರಿನ ಅಕ್ಷರ ಹಲ್ಲಿ ಕೂತಂತೆ ಕೂರುತ್ತದೆ. ಗೆದ್ದ ಮೇಯರ್ ಅಲ್ಕೊರಿಸಾರ ಫ್ಲೆಕ್ಸ್ ಮುಟ್ಟಿದರೆ ಊರ ಯಜಮಾನ ಮನೆಗೇ ಬಂದು ವಿಚಾರಿಸಿಕೊಳ್ಳುತ್ತಿದ್ದ. ಸೋತ ಸಲೂದ್ ವಿಲ್ಯಾರಮ್ಮನದು ಮಾತ್ರ ಕೇಳುವವರಿಲ್ಲದ ಮಾಲು. ಕೋಳಿಗೂಡಿಗೆ ಅದೇ ಮಾಡು, ಭತ್ತ ಒಣಗಿಸಲು ಅದೇ ಚಾಪೆ, ಶಾಲೆಯ ಗೋಡೆಗೂ ಅದೇ. ಪಕ್ಕದ ತರಗತಿಯ ಮ್ಯಾಮ್ ಪೂರಿಂಗ್ ಅವರ ಮಗ್ಗಿ ಕೋಷ್ಟಕದ ಹಿಂದೆಯೂ ಸಲೂದಮ್ಮನೇ ಗೋಡೆಗೆ ಮುಖ ಮಾಡಿ ನಗುತ್ತಿದ್ದರು. ಸರ್ಕಾರಿ ಮೇಷ್ಟರು ರಾಜಕೀಯ ಮಾಡಕೂಡದು, ಶಾಲೆಯಲ್ಲಿ ಅಭ್ಯರ್ಥಿಯ ಮುಖ ಕಂಡರೆ ಕೆಲಸಕ್ಕೇ ಸಂಚಕಾರ. ಆದರೆ ಗೋಡೆಗೆ ತಿರುಗಿದ ಮುಖ ಯಾರಿಗೆ ಕಾಣುತ್ತದೆ?

ಹದಿನೈದು ದಿನ ಕೂತು ಅವರು ಮೊಟ್ಟೆ ಕಳೆದುಕೊಂಡ ಬಾತುಕೋಳಿಯ ಕತೆ ಬರೆದರು. ಬ ಬೆ ಬಿ ಬೊ ಬು ಎಂಬ ಅಲ್ಲಿಯ ಕಾಗುಣಿತದ ಒಂದೊಂದು ಉಲಿಯನ್ನೂ ಕೆಂಪು ನೀಲಿಯಲ್ಲಿ ಒಡೆದು ತೋರಿಸಿದರು. ಸವೆದ ಹವಾಯಿ ಚಪ್ಪಲಿ ಕತ್ತರಿಸಿ ಅಕ್ಷರ ಮಾಡಿ, ಮಕ್ಕಳು ಮುಟ್ಟಿ ಓದಲಿ ಎಂದು ಅಂಟಿಸಿದರು. ಹನ್ನೆರಡು ಪುಟ ಕತ್ತರಿಸಿ ಜೋಡಿಸುವಾಗಷ್ಟೇ ಹೊಳೆದದ್ದು: ಗೋಡೆಗೆ ಒಂದೇ ಮಗ್ಗುಲು, ಪುಸ್ತಕಕ್ಕೆ ಎರಡು. ಪುಟ ತಿರುವಿದರೆ ಸಲೂದಮ್ಮ ಪ್ರತ್ಯಕ್ಷ. ಎರಡೆರಡು ಹಾಳೆಗಳನ್ನು ಮುಖಕ್ಕೆ ಮುಖ ಕೂಡಿಸಿ ಗೋಂದು ಮೆತ್ತಿ ಮುಚ್ಚಿದರು. ಹನ್ನೆರಡು ಹಾಳೆ ಆರು ದಪ್ಪ ಪುಟವಾಯಿತು. ಸಮಾಧಾನವೂ ಆಯಿತು.

ಗುರುವಾರ ಬೆಳಿಗ್ಗೆ ಏಳಕ್ಕೆ ತರಗತಿಯ ಬಾಗಿಲು ತೆರೆದರೆ ಪುಸ್ತಕ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಹೊಳೆಯ ತೇವಕ್ಕೆ ಗೋಂದು ಒಂದು ಪುಟವನ್ನೂ ಹಿಡಿದಿರಲಿಲ್ಲ. ಅವರು ಕೈಯಿಂದ ಒತ್ತುತ್ತಿರುವಾಗಲೇ ಪ್ರಿನ್ಸಿಪಲ್ ಮ್ಯಾಮ್ ಕಾರಿದಾದ್ ಏದುಸಿರು ಬಿಡುತ್ತ ಬಂದರು.

“ಸರ್, ಸುಪರ್ವೈಸರ್ ಒಬ್ರೇ ಬರ್ತಿಲ್ಲ. ಸೋರೋ ಮಾಡು ನೋಡೋಕೆ ಅಂತ ಮೇಯರೂ ಅದೇ ದೋಣೀಲಿ ಬರ್ತಿದಾರೆ. ನಿಮ್ಮ ಪಾಠಕ್ಕೂ ಕೂರ್ತಾರಂತೆ.”

ಸರ್ ಅರ್ಸಿಂಗರ ಕೈ ಪುಟದ ಮೇಲೇ ನಿಂತಿತು. ಬೆರಳಿನ ಸಂದಿಯಿಂದ ಸಲೂದಮ್ಮ ನಗುತ್ತಿದ್ದರು.

ಸುದ್ದಿ ಗೋಡೆ ದಾಟಿತು, ಮ್ಯಾಮ್ ಪೂರಿಂಗ್ ಓಡಿಬಂದರು. ಬೇರೆಯವರ ತಾಪತ್ರಯವೆಂದರೆ ಅವರಿಗೆ ತಿಂಡಿಗಿಂತ ರುಚಿ. ತಮ್ಮ ಗೋಡೆಯ ಸಲೂದಮ್ಮನನ್ನು ಮೊದಲೇ ಬೀರುವಿನೊಳಗೆ ತುರುಕಿ ಬಂದಿದ್ದರು. ಪ್ಲಾಸ್ಟಿಕ್ಕಿಗೆ ಗೋಂದು ಹಚ್ಚುವ ಗಂಡಸನ್ನು ಇವತ್ತೇ ನೋಡಿದ್ದು, ಇಸ್ತ್ರಿ ಒತ್ತಿದರೆ ತಾನಾಗೇ ಬೆಸೆದುಕೊಳ್ಳುತ್ತದೆ ಎಂದರು. ಬೇಡ ಎನ್ನುವಷ್ಟರಲ್ಲಿ ಇಸ್ತ್ರಿ ಕಾದಿತ್ತು. ಮೊದಲ ಪುಟ ನಿಜವಾಗಿಯೂ ಬೆಸೆಯಿತು, ಆದರೆ ಇಸ್ತ್ರಿಗೆ. ಕಿತ್ತಾಗ ಕತೆಯ ಬಾತುಕೋಳಿಗೆ ಕುತ್ತಿಗೆ ಉಳಿದಿರಲಿಲ್ಲ, ಒಳಗಿನ ಸಲೂದಮ್ಮನ ಬಾಯಿ ಕಿವಿಯ ತನಕ ಎಳೆದುಕೊಂಡಿತ್ತು.

ಇನ್ನು ಪ್ರಿನ್ಸಿಪಲ್ ಸುಮ್ಮನಿರುತ್ತಾರೆಯೇ? ಗೇಟಿಗೆ ಬಳಿದು ಉಳಿದಿದ್ದ ಕಪ್ಪು ಬಣ್ಣದ ಡಬ್ಬ ತಂದರು, ಮುಖಗಳನ್ನೇ ಅಳಿಸಿಬಿಡೋಣ ಎಂದು. ಡಬ್ಬದ ತಳದಲ್ಲಿದ್ದ ಬಣ್ಣ ಒಂದೊಂದು ಮುಖಕ್ಕೆ ಒಂದೊಂದು ಗೀಟಿಗೆ ಮಾತ್ರ ಸಾಕಾಯಿತು. ಗೀಟು ಬಿದ್ದದ್ದು ಮೂಗಿನ ಕೆಳಗೆ. ಈಗ ಹನ್ನೆರಡು ಸಲೂದಮ್ಮಂದಿರಿಗೂ ಮೀಸೆ ಬಂತು.

“ಈಗ ಇದು ಬರೀ ರಾಜಕೀಯ ಅಲ್ಲ ಮ್ಯಾಮ್, ಅವಮಾನಾನೂ,” ಎಂದರು ಸರ್ ಅರ್ಸಿಂಗ್. “ಎರಡಕ್ಕೂ ಸೇರಿಸಿ ಮನೆಗೆ ಕಳಿಸ್ತಾರೆ ನನ್ನ.”

“ಮನೆಗೆ ಹೋಗಬೇಕು ಅಂತ ತಾನೇ ನೀವು ಇಷ್ಟು ಒದ್ದಾಡ್ತಿರೋದು?” ಎಂದರು ಮ್ಯಾಮ್ ಪೂರಿಂಗ್.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಮೋಟಾರು ಸದ್ದು ಕೇಳಿಸಿತು. ಸರ್ ಅರ್ಸಿಂಗ್ ಶಾಲೆಯ ಹಿತ್ತಲಿಗೆ ಓಡಿ, ಪ್ರಿನ್ಸಿಪಲ್ಲರ ಬಟ್ಟೆ ಒಣಹಾಕುವ ಹಗ್ಗದಿಂದ ಒದ್ದೆ ಬಟ್ಟೆಗಳನ್ನು ಹುಲ್ಲಿನ ಮೇಲೆ ಬೀಳಿಸಿ, ಇದ್ದ ಕ್ಲಿಪ್ಪುಗಳನ್ನೆಲ್ಲ ಬಾಚಿ ತಂದರು. ಪುಟಕ್ಕೆ ಮೂರರಂತೆ ಸಿಕ್ಕಿಸಿ, ಕುತ್ತಿಗೆ ಹೋದ ಬಾತುಕೋಳಿಯನ್ನು ಎಲ್ಲಕ್ಕಿಂತ ಹಿಂದೆ ತಳ್ಳಿದರು.

ಎಂಟೂವರೆಗೆ ಎಲ್ಲರೂ ಕೂತರು. ಎದುರಿಗೆ ಮೂವತ್ತೊಂದು ಮಕ್ಕಳು, ಹಿಂದೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ ಸುಪರ್ವೈಸರ್ ಕಿಂತೋಸ್, ಅವರ ಪಕ್ಕ ಎರಡು ಆಳಿನ ಜಾಗ ಹಿಡಿದ ಮೇಯರ್ ಅಲ್ಕೊರಿಸಾ. ಬಾಗಿಲಲ್ಲಿ ಮ್ಯಾಮ್ ಪೂರಿಂಗ್, ತಮ್ಮ ತರಗತಿ ಬಿಟ್ಟು.

ಮೊದಲ ಪುಟ ಸಲೀಸಾಗಿ ಸಾಗಿತು. ಮಕ್ಕಳು ಚಪ್ಪಲಿ ಅಕ್ಷರ ಮುಟ್ಟಿ ಮುಟ್ಟಿ ಓದಿದರು. ಸುಪರ್ವೈಸರ್ ತಲೆಯಾಡಿಸಿ ಏನೋ ಗುರುತು ಹಾಕಿಕೊಂಡರು. ಎರಡನೆಯ ಪುಟ ತಿರುವುವಾಗ ಒಂದು ಕ್ಲಿಪ್ ಸಿಡಿದು ಮೇಯರರ ಶೂ ಪಕ್ಕ ಬಿತ್ತು. ಅವರು ಬಗ್ಗಿ ಎತ್ತಿಕೊಂಡು, ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡರು. ಸರ್ ಅರ್ಸಿಂಗ್ ಪಾಠ ನಿಲ್ಲಿಸಲಿಲ್ಲ. ಎಡಗೈಯಿಂದ ಪುಟದ ತುದಿ ಗಟ್ಟಿಯಾಗಿ ಹಿಡಿದು, ಬಲಗೈಯಿಂದ ಅಕ್ಷರ ತೋರಿಸುತ್ತ, ಬೆವರನ್ನು ಭುಜಕ್ಕೆ ಒರೆಸಿಕೊಳ್ಳುತ್ತ ಬಾತುಕೋಳಿಯ ದುಃಖವನ್ನು ಬಣ್ಣಿಸಿದರು. ಅಷ್ಟು ದುಃಖದಿಂದ ಆ ಕತೆಯನ್ನು ಅವರು ಹಿಂದೆಂದೂ ಹೇಳಿರಲಿಲ್ಲ.

ಆ ಬೆವರನ್ನು ನೋಡಿಯೇ ಪ್ರಿನ್ಸಿಪಲ್ಲರಿಗೆ ಮೇಯರಿಗೂ ಸೆಖೆಯಾಗುತ್ತಿರಬೇಕು ಎನ್ನಿಸಿದ್ದು. ಅತಿಥಿಗಳಿಗೆಂದೇ ಬಟ್ಟೆ ಮುಚ್ಚಿ ಇಟ್ಟಿದ್ದ ಶಾಲೆಯ ಏಕೈಕ ಫ್ಯಾನನ್ನು ತಂದು, ಪುಸ್ತಕದ ಹಿಂದಿಟ್ಟು, ಮೇಯರ್ ಕಡೆಗೆ ತಿರುಗಿಸಿ ಗುಂಡಿ ಒತ್ತಿದರು.

ಕ್ಲಿಪ್ಪುಗಳು ಒಂದರ ಹಿಂದೊಂದು ಹಾರಿದವು. ಪುಟಗಳು ಪಟಪಟನೆ ಬಿಚ್ಚಿಕೊಂಡವು, ನಾಲ್ಕನೆಯ ಪುಟ ಪೂರ್ತಿ ಮಗುಚಿ ನಿಂತಿತು. ಸಲೂದ್ ವಿಲ್ಯಾರ್ ಮೀಸೆ ಹೊತ್ತು ಇಡೀ ತರಗತಿಗೆ ದರ್ಶನ ಕೊಟ್ಟರು. ಮ್ಯಾಮ್ ಪೂರಿಂಗ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಸುಪರ್ವೈಸರರ ಪೆನ್ನು ಗಾಳಿಯಲ್ಲೇ ನಿಂತಿತ್ತು. ಮಗಳು ಇನ್ನೆಷ್ಟು ವರ್ಷ ನನ್ನನ್ನು ಕಂಡು ಅಳುತ್ತಾಳೋ ಎಂದು ಸರ್ ಅರ್ಸಿಂಗ್ ಲೆಕ್ಕ ಹಾಕತೊಡಗಿದರು.

ಆಗ ಮೂರನೇ ಬೆಂಚಿನಿಂದ ಲವ್ಲಿ ಜೇನ್ ಎದ್ದಳು. ಜೂನ್ ತಿಂಗಳಿಂದ ಒಂದು ಉಲಿಯನ್ನೂ ಕೂಡಿಸಿ ಓದದ ಹುಡುಗಿ. ಅವಳಿಗಾಗಿಯೇ ಸರ್ ಅರ್ಸಿಂಗ್ ಚಪ್ಪಲಿ ಕತ್ತರಿಸಿದ್ದು. ಅವಳು ಬೆರಳು ಚಾಚಿ, ತಡವರಿಸದೆ, ಗಂಟೆ ಹೊಡೆದಂತೆ ಓದಿದಳು: “ಸಲೂದ್ ವಿಲ್ಯಾರ್. ಬಡವರ ತಾಯಿ. ಮೇಯರ್ ಸ್ಥಾನಕ್ಕೆ ನಿಮ್ಮ ಮತ.”

ಅವಳ ಹಿಂದೆ ಮೂವತ್ತು ಮಕ್ಕಳೂ ಅದನ್ನೇ ರಾಗವಾಗಿ ಓದಿದರು, ಕೆಳಗಿದ್ದ ಮುದ್ರಕರ ವಿಳಾಸವನ್ನೂ ಬಿಡದೆ.

ಮೇಯರ್ ನಿಧಾನವಾಗಿ ಎದ್ದು ಮುಂದೆ ಬಂದರು. ಅವರ ಮುಖದಿಂದ ಏನೂ ತಿಳಿಯುವಂತಿರಲಿಲ್ಲ.

“ಇದನ್ನ ಓದೋಕೆ ಯಾರಮ್ಮ ಕಲಿಸಿದ್ದು? ನಿಮ್ಮ ಸರ್ರಾ?”

“ಇಲ್ಲ,” ಎಂದಳು ಲವ್ಲಿ ಜೇನ್. “ನಮ್ಮನೆ ಹಂದಿಗೂಡಿನ ಮೇಲಿದೆ. ದಿನಾ ನೋಡ್ತೀನಿ.”

ನಮ್ಮ ಕೋಳಿಗೂಡಿನ ಮೇಲಿದೆ, ನಮ್ಮ ಕಕ್ಕಸಿನ ಬಾಗಿಲಿಗೆ ಕಟ್ಟಿದ್ದಾರೆ ಎಂದು ಉಳಿದವರೂ ಪೈಪೋಟಿಗೆ ಬಿದ್ದರು. ಮೇಯರ್ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರು ನಕ್ಕ ಮೇಲೆ ಸುಪರ್ವೈಸರ್ ನಕ್ಕರು, ಅವರು ನಕ್ಕ ಮೇಲೆ ಪ್ರಿನ್ಸಿಪಲ್. ಸರ್ ಅರ್ಸಿಂಗರಿಗೆ ಹೋದ ಜೀವ ಬಂದಂತಾಯಿತು. ಸುಪರ್ವೈಸರ್ ಹಾಳೆಯ ಮೇಲೆ ‘ಅತ್ಯುತ್ತಮ’ ಎಂದು ಬರೆದದ್ದನ್ನು ಅವರು ಕಣ್ಣಾರೆ ನೋಡಿದರು. ಸುಪರ್ವೈಸರರ ಕೈ ಚೀಲದೊಳಗೆ ಹೋಗಿ ವರ್ಗಾವಣೆ ಕಾಗದವನ್ನು ಅರ್ಧ ಹೊರಗೆಳೆದದ್ದನ್ನೂ ನೋಡಿದರು.

ಅಷ್ಟಕ್ಕೇ ನಿಂತಿದ್ದರೆ ಕತೆಗೆ ಮಂಗಳ. ಆದರೆ ಮೇಯರಿಗೆ ಹುರುಪು ಬಂದಿತ್ತು. ಅವರು ಬಳಪ ಎತ್ತಿಕೊಂಡು ಹಲಗೆಯ ಮೇಲೆ ದೊಡ್ಡದಾಗಿ ತಮ್ಮ ಹೆಸರು ಬರೆದು, ಈಗ ಇದನ್ನು ಓದು ಎಂದರು. ಲವ್ಲಿ ಜೇನ್ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದಳು.

“ಇದು ನಮ್ಮನೆ ಹತ್ರ ಎಲ್ಲೂ ಇಲ್ಲ,” ಎಂದಳು.

ಬೇರೆ ಮಕ್ಕಳನ್ನು ಕೇಳಿದರು. ಮೂವತ್ತೊಂದು ಮಕ್ಕಳಲ್ಲಿ ಒಬ್ಬರೂ ಊರಾಳುವವರ ಹೆಸರು ಓದಲಿಲ್ಲ. ಮೇಯರರ ಫ್ಲೆಕ್ಸುಗಳೆಲ್ಲ ಯಜಮಾನನ ಮನೆಯ ಮಹಡಿಯ ಮೇಲೆ, ತೆಂಗಿನ ಮರದ ತುದಿಯಲ್ಲಿ, ಮಕ್ಕಳ ಕಣ್ಣಿಗೆ ಎಟುಕದ ಎತ್ತರದಲ್ಲಿದ್ದವು. ಮೇಯರರ ನಗು ಇಳಿಯಿತು.

“ಮೂರು ವರ್ಷ ಆದ್ಮೇಲೆ ಮತ್ತೆ ಚುನಾವಣೆ,” ಎಂದರು. “ಇವರ ಅಜ್ಜ ಅಜ್ಜೀರಿಗೆ ಮತದ ಚೀಟಿ ಓದಿ ಹೇಳೋದು ಈ ಮಕ್ಕಳೇ ತಾನೆ? ನಮ್ಮ ಹೊಳೆದಂಡೇಲಿ ನಲವತ್ತು ಶಾಲೆ. ಒಂದೊಂದಕ್ಕೂ ಇಂಥ ದೊಡ್ಡ ಪುಸ್ತಕ ಆಗಬೇಕು, ನನ್ನ ಫ್ಲೆಕ್ಸಲ್ಲಿ. ಮುಖ ಕಾಣ್ಲಿ, ಮುಚ್ಚೋದೇನೂ ಬೇಡ. ಮಾಡೋರು ಈ ಸರ್.”

ಸುಪರ್ವೈಸರ್ ಮೆಲ್ಲನೆ ಕೆಮ್ಮಿ, ಶಾಲೆಯಲ್ಲಿ ರಾಜಕೀಯ ಕೂಡದೆಂಬ ನಿಯಮದ ಬಗ್ಗೆ ಏನೋ ಅಂದರು. ಈಗ ಚುನಾವಣೆ ಇಲ್ಲವಲ್ಲ, ಇದು ಪಾಠ ಎಂದರು ಮೇಯರ್. ಸುಪರ್ವೈಸರರ ಕೆಮ್ಮು ನಿಂತಿತು.

ಒಳ್ಳೆಯದು ಮಾಡಲು ಹೊರಟವರು ಮ್ಯಾಮ್ ಪೂರಿಂಗ್. ಬಾಗಿಲಿಂದಲೇ, ಸರ್ ಅರ್ಸಿಂಗರಿಗೆ ಪಟ್ಟಣಕ್ಕೆ ವರ್ಗ ಆಗುತ್ತಿದೆ, ಪಾಪ, ಹೆಂಡತಿ ಮಗು ಕಾಯುತ್ತಿದ್ದಾರೆ ಎಂದು ತಿಳಿಸಿದರು.

“ಪಟ್ಟಣದ ಮಕ್ಕಳಿಗೆ ನನ್ನ ಹೆಸರು ಚೆನ್ನಾಗಿ ಗೊತ್ತು,” ಎಂದರು ಮೇಯರ್. “ಇವರು ಇಲ್ಲೇ ಇರಲಿ.”

ಕಾಗದ ಬಂದ ದಾರಿಯಲ್ಲೇ ಚೀಲದೊಳಕ್ಕೆ ಇಳಿಯಿತು. ಹೊರಡುವಾಗ ಸುಪರ್ವೈಸರ್ ಕಿಂತೋಸ್ ಕೈ ಕುಲುಕಿ, ಇಷ್ಟು ಚೆಂದದ ಪಾಠ ಈ ವರ್ಷ ನೋಡಿರಲಿಲ್ಲ ಎಂದರು. ಪ್ರಾಮಾಣಿಕವಾಗಿಯೇ ಹೇಳಿದರು, ಅದೇ ಸರ್ ಅರ್ಸಿಂಗರಿಗೆ ಹೆಚ್ಚು ಉರಿಯಿತು.

ದೋಣಿ ಹೊರಡುವ ಮುಂಚೆ ದೋಣಿಯವನು ಐದು ದಪ್ಪ ಸುರುಳಿಗಳನ್ನು ದಡಕ್ಕೆ ಇಳಿಸಿದ. ಮೇಯರ್ ಎಲ್ಲಿಗೆ ಹೋದರೂ ಒಯ್ಯುವ ಫ್ಲೆಕ್ಸುಗಳಂತೆ, ಉಳಿದದ್ದು ನಾಳೆ ಬರುತ್ತದಂತೆ. ದೋಣಿ ಪಟ್ಟಣದ ಕಡೆ ತಿರುಗಿತು. ಅದರೊಳಗೆ ಚೀಲ, ಚೀಲದೊಳಗೆ ಸಹಿಯಿಲ್ಲದ ಕಾಗದ. ತಿರುವಿನಲ್ಲಿ ಅದು ಮರೆಯಾಗುವ ತನಕ ಸರ್ ಅರ್ಸಿಂಗ್ ನಿಂತು ನೋಡಿದರು.

ಏನಾದರೂ ಮಾಡಲೇಬೇಕಲ್ಲ. ಬೇಗ ಮುಗಿಸಿದರೆ ಬೇಗ ಬಿಟ್ಟಾರು ಎಂದುಕೊಂಡು ಅವರು ಮಾರ್ಕರ್ ತೆಗೆದು, ಅಲ್ಲೇ ದಡದ ಮೇಲೆ ಒಂದು ಸುರುಳಿ ಬಿಚ್ಚಿದರು. ಮೇಯರ್ ನಗುತ್ತಿದ್ದರು. ಬಿಳಿ ಮಗ್ಗುಲಿಗೆಂದು ತಿರುಗಿಸಿದರು. ಅಲ್ಲಿಯೂ ಮೇಯರ್ ನಗುತ್ತಿದ್ದರು.

ಹಿಂದೆ ನಿಂತಿದ್ದ ಮ್ಯಾಮ್ ಪೂರಿಂಗ್ ವಿವರಿಸಿದರು. ಮೂರು ವರ್ಷದ ಹಿಂದಿನ ಚುನಾವಣೆಯಲ್ಲಿ ಜನ ಅವರ ಫ್ಲೆಕ್ಸ್ ತಿರುಗಿಸಿ ‘ಹಂದಿ ಮಾರಾಟಕ್ಕಿದೆ’ ಎಂದು ಬರೆದಿದ್ದರಂತೆ. ಅಂದಿನಿಂದ ಅವರು ಎರಡೂ ಕಡೆ ಅಚ್ಚು ಹಾಕಿಸುತ್ತಾರಂತೆ.

ಸರ್ ಅರ್ಸಿಂಗ್ ಉಳಿದ ನಾಲ್ಕು ಸುರುಳಿಗಳನ್ನೂ ಬಿಚ್ಚಿ ನೋಡಿದರು. ಬಾತುಕೋಳಿಯ ಮೊಟ್ಟೆಯಷ್ಟೂ ಬಿಳಿ ಜಾಗ ಎಲ್ಲಿಯೂ ಇರಲಿಲ್ಲ.