ಒಬ್ಬನೇ ಮೈದುನ, ಇಡೀ ಬ್ಯಾಂಡು

ನನ್ನ ಮೈದುನನಿಗೆ ಗಿಟಾರ್ ಕಲಿಸಿದ ಗುರು ಯಾರೂ ಇಲ್ಲ. ಇದ್ದಿದ್ದರೆ ಆ ಪುಣ್ಯಾತ್ಮ ಇಷ್ಟರಲ್ಲಿ ಸಂಗೀತ ಬಿಟ್ಟು ಕಿರಾಣಿ ಅಂಗಡಿ ಇಟ್ಟುಕೊಂಡಿರುತ್ತಿದ್ದ! ಇದನ್ನು ನಾನು ಅವನ ಎದುರಿಗೇ ಹೇಳುತ್ತೇನೆ. ಅವನು ಹೊಗಳಿಕೆ ಎಂದೇ ತಿಳಿದು ಇನ್ನೊಂದು ಹಾಡು ಬಾರಿಸುತ್ತಾನೆ.

ಹೊಸ ಶತಮಾನ ಬರುವುದಕ್ಕೆ ಸ್ವಲ್ಪ ಮುಂಚೆ ನಾನು ಮದುವೆಯಾಗಿ ಬೆಳಗಾವಿಗೆ, ಶಿವಬಸವ ನಗರದ ಮನೆಗೆ ಬಂದೆ. ಗಿಟಾರ್ ನನಗಿಂತ ಮೊದಲೇ ಬಂದು ಕಿಟಕಿ ಪಕ್ಕದ ಕುರ್ಚಿ ಹಿಡಿದಿತ್ತು. ಗೋಡಂಬಿ ತರುತ್ತೇನೆಂದು ಗೋವಾಕ್ಕೆ ಹೋದ ಮೈದುನ, ಯಾರೋ ಮಾರಲು ಇಟ್ಟಿದ್ದ ಆ ಹಳೆಯ ಗಿಟಾರ್ ಹೆಗಲಿಗೇರಿಸಿಕೊಂಡು ಬಂದಿದ್ದನಂತೆ. ಅದಕ್ಕಿದ್ದದ್ದು ಐದೇ ತಂತಿ. ಇವನಿಗೇನು ಗೊತ್ತು? ಕಚೇರಿಯಿಂದ ಬಂದವನೇ ರೇಡಿಯೋ ಹಚ್ಚಿ, ಅದರಲ್ಲಿ ಬಂದ ಹಾಡನ್ನು ಬೆರಳಲ್ಲಿ ಹುಡುಕುತ್ತಾ ಹುಡುಕುತ್ತಾ ಐದು ತಂತಿಯಲ್ಲೇ ವಿದ್ವಾಂಸನಾಗಿಬಿಟ್ಟ. ಒಂದು ದಿನ ಪೇಟೆಯ ಅಂಗಡಿಯಲ್ಲಿ ಹೊಚ್ಚಹೊಸ ಗಿಟಾರ್ ಕಂಡು, ಕಾಳಜಿಯಿಂದ ಮಾಲೀಕರನ್ನು ಬದಿಗೆ ಕರೆದ. “ನೋಡ್ರಿ, ಇದಕ್ಕ ಒಂದು ತಂತಿ ಹೆಚ್ಚಿಗಿ ಹಾಕ್ಯಾರ. ಗಿರಾಕಿ ಬರೂದ್ರಾಗ ತಗಸಿಬಿಡ್ರಿ” ಅಂದನಂತೆ.

ಸತ್ಯ ತಿಳಿದ ಮೇಲೆ ಎರಡು ದಿನ ಮನೆಯಲ್ಲಿ ಯಾರ ಜೊತೆಗೂ ಮಾತಿಲ್ಲ. ಆಮೇಲೆ ಆರನೆಯ ತಂತಿ ಹಾಕಿಸಿಕೊಂಡು ಬಂದು, ಅತ್ತೆಯ ಕೈಯಲ್ಲಿ ಹೋಳಿಗೆ ಮಾಡಿಸಿದ. ಕಲಿತದ್ದೆಲ್ಲ ಮತ್ತೆ ಮೊದಲಿನಿಂದ!

ಮುಂದೆ ಹುಟ್ಟಿದ್ದು ಬ್ಯಾಂಡು. “ವೈನಿ, ಐತವಾರ ನಮ್ಮ ಮನಿಯಾಗ ಜ್ಯಾಮ್ ಐತಿ” ಎಂದು ಅತ್ತಿಗೆಯಾದ ನನಗೆ ಹೇಳಿದ. ಒಳಗಿನಿಂದ ಕೇಳಿಸಿಕೊಂಡ ಅತ್ತೆ, ಹುಡುಗರು ತಿನ್ನಲು ಬರುತ್ತಾರೆಂದು ಬ್ರೆಡ್ಡು ತರಿಸಿಟ್ಟರು. ಬಂದವರು ಮೂವರು. ಭಜನೆಗೆ ಕೀಬೋರ್ಡ್ ನುಡಿಸುವವನೊಬ್ಬ. ಯಾವ ಹಾಡಾದರೂ ಮೊದಲ ಸಾಲು ಮಾತ್ರ ಬರುವ ಗಾಯಕನೊಬ್ಬ. ಮತ್ತೆ ಗುಂಜಿಯಿಂದ ಬಂದು ಇಲ್ಲಿಯ ಛಾಪಖಾನೆಯಲ್ಲಿ ಕೆಲಸಕ್ಕಿದ್ದ ಡೋಲಕಿಯವ. ಜ್ಯಾಮ್ ಅಂದರೆ ಒಬ್ಬ ಶುರು ಮಾಡುವುದು, ಉಳಿದವರು ನಡುವೆ ಸೇರಿಕೊಳ್ಳುವುದು, ಎಲ್ಲಿಗೆ ಹೋಗಿ ಮುಟ್ಟುತ್ತೇವೆಂದು ಯಾರಿಗೂ ಗೊತ್ತಿಲ್ಲದಿರುವುದು ಎಂದು ಮೈದುನ ಬಿಡಿಸಿ ಹೇಳಿದ. ಪಾರಿಶ್ವಾಡದ ಹೊಲಮನೆಯಲ್ಲಿ ಹನ್ನೊಂದು ಮಂದಿಯ ನಡುವೆ ಬೆಳೆದ ಅತ್ತೆ ಶಾಂತವಾಗಿ ಅಂದರು: “ಹಂಗಂದ್ರ ನಮ್ಮ ತವರುಮನಿ ಪಂಚಾಯ್ತಿ ಇದ್ದಂಗ.”

ಡೋಲಕಿಯವ ಬಹಳ ಒಳ್ಳೆಯವ. ಆದರೆ ಕೈ ಮಾತ್ರ ಬಿರುಗಾಳಿ. ಮೈದುನ ಶುರು ಮಾಡಿದ ಹಾಡನ್ನು ಇವನು ಮೊದಲು ಮುಗಿಸಿ ನೀರು ಕುಡಿಯುತ್ತಾ ಕೂತಿರುತ್ತಿದ್ದ. ಇಬ್ಬರೂ ವಾರಕ್ಕೊಮ್ಮೆ ಜಗಳಾಡಿ, ಒಂದೇ ತಾಟಿನಲ್ಲಿ ಅವಲಕ್ಕಿ ತಿನ್ನುತ್ತಿದ್ದರು.

ಇವರಿಗೂ ಒಂದು ಕರೆ ಬಂತು, ಖಾನಾಪುರದ ಮದುವೆಯ ಆರತಕ್ಷತೆಗೆ! ವಧು ವೇದಿಕೆ ಹತ್ತುವಾಗ ಜ್ಯಾಮ್ ಶುರುವಾಯಿತು. ಆದರೆ ನಿಲ್ಲಿಸುವುದು ಯಾರು? ಗಾಯಕ ಕೀಬೋರ್ಡಿನವನನ್ನು ನೋಡಿದ, ಕೀಬೋರ್ಡಿನವ ಮೈದುನನನ್ನು ನೋಡಿದ, ಮೈದುನ ಕಣ್ಣು ಮುಚ್ಚಿಬಿಟ್ಟಿದ್ದ. ಉಡುಗೊರೆ ಹಿಡಿದವರ ಸಾಲು ಹೊರಗಿನ ರಸ್ತೆ ಮುಟ್ಟಿತು. ಕೊನೆಗೆ ವಧುವಿನ ಅಜ್ಜ ಮೇಲೆ ಬಂದು, ನಾಲ್ವರಿಗೂ ಒಂದೊಂದು ಶಾಲು ಹೊದಿಸಿ, ಸಾಕಿನ್ನು ಊಟಕ್ಕೆ ಏಳಿ ಎಂದು ಮೈಕಿನಲ್ಲಿ ಮರಾಠಿಯಲ್ಲೊಮ್ಮೆ, ತಿಳಿಯದಿದ್ದರೆ ಕಷ್ಟವೆಂದು ಕನ್ನಡದಲ್ಲೊಮ್ಮೆ ಕೈಮುಗಿದು ಕೇಳಿಕೊಂಡರು. ಖಾನಾಪುರದಲ್ಲಿ ತಮಗೆ ಶಾಲು ಹೊದಿಸಿ ಸತ್ಕಾರ ಮಾಡಿದರೆಂದು ಮೈದುನ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ!

ಆದರೆ ಬ್ಯಾಂಡು ಬಾಳಲಿಲ್ಲ. ಕೀಬೋರ್ಡಿನವನಿಗೆ ವರ್ಗವಾಯಿತು, ಗಾಯಕನಿಗೆ ಮದುವೆಯಾಯಿತು, ಡೋಲಕಿಯವ ತಂದೆ ತೀರಿಕೊಂಡ ಮೇಲೆ ಹೊಲ ನೋಡಿಕೊಳ್ಳಲು ಗುಂಜಿಗೆ ಹೊರಟುಹೋದ. ಮೈದುನ ಕೆಲವು ದಿನ ಗಿಟಾರನ್ನು ಮುಟ್ಟಲೇ ಇಲ್ಲ. ಮನೆ ಎಷ್ಟು ಶಾಂತವಾಗಿತ್ತೆಂದರೆ ನಮಗೆಲ್ಲ ಹೆದರಿಕೆ ಶುರುವಾಯಿತು.

ಆಮೇಲೊಂದು ಸಂಜೆ ಎರಡು ಟೇಪ್ ರೆಕಾರ್ಡರ್ ಎದುರುಬದುರು ಇಟ್ಟುಕೊಂಡು ಕುಣಿಯತೊಡಗಿದ. ಒಂದರಲ್ಲಿ ತಾನು ನುಡಿಸಿದ್ದನ್ನು ಹಚ್ಚುವುದು, ಅದರ ಜೊತೆಗೆ ಮತ್ತೆ ನುಡಿಸುವುದು, ಎರಡನ್ನೂ ಇನ್ನೊಂದರಲ್ಲಿ ತುಂಬಿಕೊಳ್ಳುವುದು. ಗಿಟಾರಿನ ಮೇಲೆ ಗಿಟಾರು, ಅದರ ಮೇಲೆ ಸ್ಟೀಲ್ ಡಬ್ಬಿಯ ತಾಳ! “ವೈನಿ, ನಾ ಒಬ್ಬಾವನಽ ನಾಕು ಮಂದಿ ಆದೆ” ಅಂದ. ಪೇಪರ್ ಓದುತ್ತಿದ್ದ ನನ್ನ ಗಂಡ ತಲೆ ಎತ್ತದೆ, ಊಟ ಮಾತ್ರ ಒಬ್ಬನದೇ ಮಾಡು ಎಂದರು.

ಶುರುವಾಯಿತು ನಮ್ಮ ವನವಾಸ. ಸದ್ದು ಬರಬಾರದೆಂದು ಏಪ್ರಿಲ್ ತಿಂಗಳಲ್ಲಿ ಕಿಟಕಿಗೆಲ್ಲ ಕೌದಿ ಜಡಿದ. ಕುಕ್ಕರ್ ಬಂದ್, ಮಿಕ್ಸರ್ ಬಂದ್, ಅತ್ತೆಯ ಕೆಮ್ಮು ಕೂಡ ಹಿತ್ತಲಿಗೆ. ಇಷ್ಟಾದರೂ ಒಂದು ಹಾಡಿನ ನಡುವೆ ಪಲ್ಯ ಮಾರುವವಳ “ಮೆಂತೇ... ಮೆಂತೇ” ನುಗ್ಗಿಬಿಟ್ಟಿತು. ಅಳಿಸು ಎಂದರೆ ಮೈದುನ ಒಪ್ಪಲಿಲ್ಲ. ಅವಳು ಸರಿಯಾದ ಶ್ರುತಿಯಲ್ಲೇ ಕೂಗಿದ್ದಾಳಂತೆ! ಓಣಿಯ ಮಕ್ಕಳೆಲ್ಲ ಆ ಹಾಡನ್ನು ಮೆಂತೆ ಸಮೇತ ಗುನುಗುತ್ತಿದ್ದರು.

ಹೀಗಿರುವಾಗ ಒಂದು ಹೊಸ ಹಾಡು ತುಂಬಿದ. ತಾಳವಿಲ್ಲ, ಡಬ್ಬಿಯಿಲ್ಲ, ನಿಧಾನವೋ ನಿಧಾನ. ಇದೇನು, ಬ್ಯಾಟರಿ ಮುಗಿದಿದೆಯಾ ಎಂದು ನಾವು ಕಾಡಿದೆವು. ಅದರ ಕೆಲಸ ಇನ್ನೂ ಗುಂಜಿಯಲ್ಲಿ ಬಾಕಿ ಇದೆ ಎಂದಷ್ಟೇ ಹೇಳಿದ. ಅವನು ಗುಂಜಿಗೆ ಹೊರಟಾಗ ಕುತೂಹಲಕ್ಕೆ ನಾನೂ ಜೊತೆಗೆ ಹೊರಟೆ. ಪ್ಯಾಸೆಂಜರ್ ರೈಲಿನಲ್ಲಿ ಅವನ ತೊಡೆಯ ಮೇಲೆ ಗಿಟಾರ್, ನನ್ನ ತೊಡೆಯ ಮೇಲೆ ಎರಡು ಟೇಪ್ ರೆಕಾರ್ಡರ್.

ಡೋಲಕಿಯವ ಅಂಗಳದಲ್ಲಿ ಕೂತಿದ್ದ. ನಮ್ಮನ್ನು ಕಂಡು ಎದ್ದು, ಎಡಗೈಯನ್ನು ಎದೆಗೆ ಒತ್ತಿ ನಮಸ್ಕಾರ ಅಂದ. ಬಲಗೈ ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿತ್ತು. ಹಿಂದಿನ ಮಳೆಗಾಲದಲ್ಲಿ ಹಂಚು ಸರಿಪಡಿಸಲು ಹತ್ತಿ ಮನೆಯ ಮಾಡಿನಿಂದ ಬಿದ್ದನೆಂದೂ ಆ ಕೈ ಮತ್ತೆ ಏಳಲೇ ಇಲ್ಲವೆಂದೂ ಅವನ ಹೆಂಡತಿ ಚಹಾ ಕೊಡುತ್ತಾ ನನಗೆ ಮೆಲ್ಲಗೆ ಹೇಳಿದಳು. ಮೈದುನನಿಗೆ ಗೊತ್ತಿತ್ತು. ನಮಗೆ ಹೇಳಿರಲಿಲ್ಲ.

ಮೈದುನ ಕೈಯ ಮಾತೇ ಎತ್ತದೆ ಕ್ಯಾಸೆಟ್ ಹಚ್ಚಿದ. ಗೆಳೆಯ ಕೊನೆಯವರೆಗೂ ಕೇಳಿದ.

“ಇದರಾಗ ಡೋಲಕಿ ಇಲ್ಲಲ್ಲೋ.”

“ನಿನ್ನ ಜಾಗಾ ಬಿಟ್ಟೀನಿ.”

“ಒಂದಽ ಕೈಲೆ ಏನ್ ಬಾರಸಲಿ?”

“ಅದಕ್ಕಽ ನಿಧಾನ ಮಾಡೇನಿ.”

ಹೆಂಡತಿ ಒಳಗೆ ಹೋಗಿ, ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಡೋಲಕಿ ಇಳಿಸಿ ತಂದು ಗಂಡನ ಮುಂದಿಟ್ಟಳು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಹಾಡು ಮತ್ತೆ ಶುರುವಾದಾಗ ಎಡ ಅಂಗೈ ಊರಿ ಒಂದು ಏಟು ಹಾಕಿದ. ಇನ್ನೊಂದು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಅವನ ಭುಜವೂ ತೂಗತೊಡಗಿತ್ತು. ಆಗ ತಟ್ಟನೆ ಕೈ ತಡೆದು ಮೈದುನನತ್ತ ತಿರುಗಿದ.

“ಇಷ್ಟ ನಿಧಾನ ಆದ್ರ ನನಗ ನಿದ್ದಿ ಬರತೈತಿ. ಒಂಚೂರು ಜೋರು ಮಾಡು.”

ಮೈದುನ ಟೇಪ್ ನಿಲ್ಲಿಸಿ ಗಿಟಾರ್ ಎತ್ತಿಕೊಂಡ. ಸರಿಯಾಗಿಯೇ ಇದ್ದ ತಂತಿಗಳನ್ನು ತಲೆ ತಗ್ಗಿಸಿ, ಬಹಳ ಹೊತ್ತು ಶ್ರುತಿ ಮಾಡುತ್ತಾ ಕೂತ.