ಬೀಗರ ಮುಂದೆ ತಡವರಿಸುವ ಲ್ಯಾಪ್‌ಟಾಪ್

ಇಂಥ ಕೇಸುಗಳು ನನ್ನ ಅಂಗಡಿಗೇ ಯಾಕೆ ಹುಡುಕಿಕೊಂಡು ಬರುತ್ತಿದ್ದವೋ, ಇವತ್ತಿಗೂ ತಿಳಿದಿಲ್ಲ. ಎರಡು ಸಾವಿರದ ಎಂಟರ ಆಸುಪಾಸು ಶಹಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೆ. ಯಂತ್ರಗಳನ್ನು ಹೇಗೋ ಸರಿ ಮಾಡುತ್ತಿದ್ದೆ. ತಂದವರನ್ನು ಸಂಭಾಳಿಸುವುದರಲ್ಲೇ ಸುಸ್ತಾಗುತ್ತಿತ್ತು.

೧. ಇಜ್ಜತ್ ಪ್ರಶ್ನೆ

ಚಿತ್ತಾಪುರದ ಗಣಿತದ ಮಾಸ್ತರರೊಬ್ಬರು ಗೇಮಿಂಗ್ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದರು. ಹೊಸದು ಕೊಂಡ ಅಳಿಯ ಹಳೆಯದನ್ನು ಮಾವನಿಗೆ ದಾಟಿಸಿದ್ದ. ಪ್ರತಿ ರವಿವಾರ ಸೇಡಂನಿಂದ ಅಳಿಯನ ತಂದೆ, ಅಂದರೆ ಬೀಗರು, ಊಟಕ್ಕೆ ಬರುತ್ತಿದ್ದರು. ಊಟವಾದ ಮೇಲೆ ಇಬ್ಬರೂ ಪಾಳಿಯ ಮೇಲೆ ಕಾರ್ ರೇಸ್ ಆಡುವುದು, ಬೇಗ ಗುರಿ ಮುಟ್ಟಿದವರು ಗೆದ್ದಂತೆ.

“ಬೀಗರ ಕಾರ್ ಚಂದ ಓಡ್ತದ್ರಿ. ನನ್ನ ಪಾಳಿ ಬಂತಂದ್ರ ತಡದು ತಡದು ನಡೀತದ. ಏಳು ರವಿವಾರ ಸೋತೀನಿ. ಇದರ ಗ್ರಾಫಿಕ್ಸ್ ಜೋರ್ ಮಾಡಿ ಕೊಡ್ರಿ, ಇಜ್ಜತ್ ಪ್ರಶ್ನೆ ಅದ.”

“ಅವರ ಮಗನೇ ಕೊಟ್ಟದ್ದಲ್ಲೇನ್ರಿ? ಅವರಿಗೇ ಹೇಳ್ರಿ.”

“ನೀವು ಕೊಟ್ಟದ್ದು ಬರೋಬ್ಬರಿ ಇಲ್ಲ ಅಂತ ಬೀಗರಿಗೆ ಹೇಳ್ಲೇನ್ರಿ? ಮಗಳು ಅವರ ಮನ್ಯಾಗ ಅದಾಳ!”

೨. ಹೊರಗೇ ಕಟ್ರಿ

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬದಲಿಸಲು ಬರುವುದಿಲ್ಲ ಎಂದು ತಿಳಿಸಿ ಹೇಳಿದೆ. ತಲೆಯಾಡಿಸಿ ಹೋದವರು ನಾಲ್ಕೇ ದಿನಕ್ಕೆ ಮತ್ತೆ ಹಾಜರ್. ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಹೈದರಾಬಾದಿನಿಂದ ತರಿಸಿದ ಗ್ರಾಫಿಕ್ಸ್ ಕಾರ್ಡು. ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಿನದು, ಗೇಣುದ್ದ ಇತ್ತು.

“ಇದು ಒಳಗ ಹಿಡಿಯಂಗಿಲ್ರಿ, ಸರ್.”

“ಹೊರಗೇ ಕಟ್ರಿ. ಮ್ಯಾಲ ಟವೆಲ್ ಹಾಕ್ತೀನಿ, ಬೀಗರು ಎತ್ತಿ ನೋಡಂಗಿಲ್ಲ.”

೩. ಅಸಲಿ ಮಾಲು

ಮಾಸ್ತರರು ಇನ್ನೂ ಕೂತಿದ್ದಾಗಲೇ ವಾಡಿಯ ಸಿಮೆಂಟ್ ವ್ಯಾಪಾರಿಯೊಬ್ಬರು ಬಂದರು. ಅವರ ಲ್ಯಾಪ್‌ಟಾಪು ಕಾದು ಕಾದು ಬಂದ್ ಆಗುತ್ತಿತ್ತು. ಬಿಚ್ಚಿ ನೋಡಿದರೆ ಫ್ಯಾನು ಅಲ್ಲಾಡಲೊಲ್ಲದು. ಬೂದು ಬಣ್ಣದ್ದೇನೋ ಗಟ್ಟಿಯಾಗಿ ಹಿಡಿದಿತ್ತು.

“ಅಂಗಡ್ಯಾಗಿನ ಧೂಳ್ರಿ. ಹಸಿ ಬಟ್ಟಿಲೆ ಒರಸೀನಿ.”

“ಒಂದೇ ಸಲ ಏನ್ರಿ?”

“ಇಲ್ರಿ, ಎಂಟು ದಿನ ತಪ್ಪದ ಒರಸೀನಿ.”

ಹೊಸ ಗೋಡೆಗೆ ನೀರು ಹೊಡೆಯುವ ಕ್ರಮವೂ ಇದೇ ತಾನೆ! ಕೆರೆದೆ, ಕುಟ್ಟಿದೆ, ಬಿಡಲಿಲ್ಲ. ಹೊಸ ಫ್ಯಾನೇ ಹಾಕಬೇಕು ಎಂದೆ. ವ್ಯಾಪಾರಿಗೆ ಬೇಜಾರಾಗುವ ಬದಲು ಮುಖ ಅರಳಿತು.

“ನೋಡಿದ್ರೇನು? ನನ್ನ ಅಂಗಡಿ ಮಾಲ್ ಎಷ್ಟು ಅಸಲಿ ಅದ!”

೪. ನಾಲ್ಕು ಮಡಿಕೆಯ ಕೌದಿ

ಆ ಫ್ಯಾನು ನೋಡಿದ ಮೇಲೆ ನನ್ನ ತಲೆಯಲ್ಲಿ ದೀಪ ಹತ್ತಿತು. ಮಾಸ್ತರರ ಕಡೆ ತಿರುಗಿದೆ.

“ಮನ್ಯಾಗ ಲ್ಯಾಪ್‌ಟಾಪ್ ಯಾತರ ಮ್ಯಾಲ ಇಡ್ತೀರಿ, ಸರ್?”

“ಕೌದಿ ಮ್ಯಾಲ. ಅಳಿಯ ಕೊಟ್ಟದ್ದು, ನೆಲಕ್ಕ ಇಡಬೇಕೇನ್ರಿ? ನಮ್ಮನಿಯವರು ನಾಕು ಮಡಿಕಿ ಮಾಡಿ ಹಾಸ್ತಾರ.”

“ಮೊದಲ ಆಟ ಯಾರದು?”

“ಬೀಗರದೇ! ಅವರನ್ನ ಕುಂದರ್ಸಿ ನಾ ಮೊದಲ ಆಡ್ಲೇನು?”

ಹಳೆ ಬಟ್ಟೆ ಸೇರಿಸಿ ಹೊಲಿದ ಆ ದಪ್ಪ ಕೌದಿ ಲ್ಯಾಪ್‌ಟಾಪಿನ ತಳದ ಗಾಳಿಯ ಕಿಂಡಿ ಮುಚ್ಚುತ್ತಿತ್ತು. ಬೀಗರ ಆಟ ಮುಗಿಯುವಷ್ಟರಲ್ಲಿ ಯಂತ್ರ ಕಾದು, ಮಾಸ್ತರರ ಪಾಳಿಗೆ ವೇಗ ಇಳಿಸಿಕೊಳ್ಳುತ್ತಿತ್ತು. ಮರ್ಯಾದೆ ಮಾಡಿಯೇ ಸೋಲುತ್ತಿದ್ದರು, ಪಾಪ! ಫ್ಯಾನು ಸ್ವಚ್ಛ ಮಾಡಿ, ಅಂಗಡಿ ಹಿಂದೆ ಬಿದ್ದಿದ್ದ ಪರಸಿ ಕಲ್ಲಿನ ತುಂಡೊಂದನ್ನು ಕೊಟ್ಟೆ. ನಮ್ಮೂರಲ್ಲಿ ಎಲ್ಲರ ಮನೆಯ ನೆಲಕ್ಕೂ ಹಾಸುವ ತಣ್ಣನೆಯ ಕಲ್ಲು.

“ಇದರ ಮ್ಯಾಲ ಇಡ್ರಿ. ಈ ರವಿವಾರ ನೀವೇ ಗೆಲ್ತೀರಿ,” ಎಂದು ಮಾತು ಕೊಟ್ಟೆ.

ಮಾಸ್ತರರು ಒಮ್ಮೆ ಕಲ್ಲನ್ನು, ಒಮ್ಮೆ ಹೈದರಾಬಾದಿನ ಕಾರ್ಡನ್ನು ನೋಡಿದರು.

“ಇದನ್ನ ಮೊದಲೇ ಹೇಳಿದ್ರ, ಬರೂ ದಾರ್ಯಾಗೇ ಒಂದು ಎತ್ಕೊಂಡು ಬರ್ತಿದ್ದೆ.”

೫. ಸೋಮವಾರ

ಸೋಮವಾರ ನಾನು ಬಾಗಿಲು ತೆಗೆಯುವ ಮುಂಚೆಯೇ ಮಾಸ್ತರರು ನಿಂತಿದ್ದರು, ಕಂಕುಳಲ್ಲಿ ಅದೇ ಕಲ್ಲು.

“ಓಡ್ಲಿಲ್ಲೇನ್ರಿ, ಸರ್?”

“ಗಾಳಿ ಹಾಂಗ ಓಡ್ತು. ಒಂದು ಸಲನೂ ತಡೀಲಿಲ್ಲ.”

“ಮತ್ತ ಗೆದ್ರೇನು?”

“ಮೂರನೇ ತಿರುವಿನ್ಯಾಗ ಗ್ವಾಡಿಗೆ ಹೊಡದೆ. ಆದ್ರ ಗ್ವಾಡಿ ಏನು ಚಂದ ಕಂಡ್ತು ಅಂತೀರಿ! ಒಂದೊಂದು ಇಟ್ಟಂಗಿ ಎಣಿಸಬಹುದಿತ್ತು.”

ನಗು ತಡೆದುಕೊಂಡೆ. ನಿಜ ಹೇಳಬೇಕೆಂದರೆ ಮರುಕವೂ ಆಯಿತು. ಅವರು ಕುರ್ಚಿ ಎಳೆದುಕೊಂಡು ದನಿ ಇಳಿಸಿದರು.

“ಮೊದಲೆಲ್ಲ ಸೋತ್ರ ನಮ್ಮನಿಯವರು ಒಳಗ ಕರದು ‘ನಿಮ್ಮದೇನು ತಪ್ಪಿಲ್ರಿ, ಯಂತ್ರನೇ ಸರಿ ಇಲ್ಲ’ ಅಂತಿದ್ರು. ನಿನ್ನಿ ಬೀಗರ ಮುಂದೇ ಅಂದ್ರು, ‘ನಿಮಗ ಆಡ್ಲಿಕ್ಕೇ ಬರಂಗಿಲ್ಲ’ ಅಂತ.”

ಕಲ್ಲನ್ನು ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟರು.

“ಇದನ್ನ ನೀವೇ ಇಟ್ಕೋರಿ. ಒಂದು ಮಾತು ಹೇಳ್ರಿ, ಫ್ಯಾನ್ ಸ್ವಚ್ಛ ಮಾಡೀರಿ, ಈಗ ಒಂದು ಕೌದಿ ಸಾಕಾಗ್ತದೋ, ಎರಡು ಹಾಸ್ಲೋ?”