ಅತ್ತೆಯನ್ನು ಕೇಳಿದರೆ ಮಾವ ಹೇಳುತ್ತಿದ್ದರು

ನನ್ನ ಸೋದರತ್ತೆಯ ಗಂಡ, ಅಂದರೆ ನಮ್ಮ ಮಾವನಷ್ಟು ಒಳ್ಳೆಯ ಗಂಡ ಇಡೀ ಶಿಕಾರಿಪುರದಲ್ಲೇ ಇರಲಿಲ್ಲ. ಅಂಥವರಿಗೆ ಅತ್ತೆ ಅರವತ್ತೆರಡನೇ ವಯಸ್ಸಿನಲ್ಲಿ ಡೈವೋರ್ಸ್ ಕೊಟ್ಟರು! ಮಾವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಯ ಮೇಲೆ ಒಂದು ದಿನವೂ ಕೈಯೆತ್ತಿದವರಲ್ಲ. ಇದ್ದದ್ದು ಒಂದೇ ಅಭ್ಯಾಸ. ಅತ್ತೆಯನ್ನು ಯಾರು ಏನು ಕೇಳಿದರೂ ಉತ್ತರ ಮಾವನೇ ಹೇಳುತ್ತಿದ್ದರು.

ಒಮ್ಮೆ ಡಾಕ್ಟರು, "ನೋವು ಎಲ್ಲಿದೆಯಮ್ಮಾ?" ಎಂದರು. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಮಾವ, "ಬಲ ಮೊಣಕಾಲ್ರಿ ಡಾಕ್ಟ್ರೇ, ಮೆಟ್ಲು ಹತ್ತೋವಾಗ ಜಾಸ್ತಿ" ಎಂದುಬಿಟ್ಟರು. ಎಕ್ಸರೇ ತೆಗೆಸಿದ್ದೂ ಆಯಿತು. ಬಲ ಮೊಣಕಾಲು ಹದಿನಾರರ ಹುಡುಗಿಯದರಷ್ಟು ಗಟ್ಟಿ! ನೋವಿದ್ದದ್ದು ಎಡಗಾಲಿನಲ್ಲಿ. "ನೀವಾದ್ರೂ ಹೇಳಬಾರದಿತ್ತಾ ಅತ್ತೆ?" ಎಂದು ಕೇಳಿದೆ. ಅದಕ್ಕೂ ಮಾವನೇ, "ಅವಳಿಗೆ ಸಂಕೋಚ ಕಣೋ" ಎಂದರು.

ಅತ್ತೆಯ ಮೊಬೈಲಿಗೆ ಫೋನ್ ಮಾಡಿದರೆ ಎತ್ತುವವರೂ ಅವರೇ.

"ಅತ್ತೆ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು, ಮಾವ."

"ಮಾತಾಡಪ್ಪ, ನಾನು ಕೇಳ್ತಾ ಅದೀನಿ."

ಇಷ್ಟು ವರ್ಷ ಸಹಿಸಿದವಳಿಗೆ ಈಗೇನು ಬಂತು ಎಂದು ನೆಂಟರಿಷ್ಟರೆಲ್ಲ ತಲೆ ಕೆಡಿಸಿಕೊಂಡರು. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ? ನೀರಾವರಿ ಕಚೇರಿಯಲ್ಲಿದ್ದಷ್ಟು ಕಾಲ ಮಾವ, ಅಂಜನಾಪುರ ಜಲಾಶಯದ ನೀರು ಯಾವಾಗ ಬಿಡುತ್ತಾರೆಂದು ಕೇಳಿಕೊಂಡು ಬರುವ ರೈತರಿಗೆ ಹಗಲೆಲ್ಲ ಉತ್ತರ ಹೇಳುತ್ತಿದ್ದರು. ಅಷ್ಟು ಹೊತ್ತು ಅತ್ತೆಗೆ ಬಿಡುವು. ನಿವೃತ್ತಿಯಾದ ಮೇಲೆ ಅವರಿಗೆ ಉಳಿದದ್ದು ಅತ್ತೆಯೊಬ್ಬರೇ! ತರಕಾರಿಯವಳು ಬಾಗಿಲಲ್ಲಿ ನಿಂತು "ಏನ್ ಬೇಕಕ್ಕಾ?" ಅಂದರೂ ಒಳಗಿನಿಂದ "ಹೀರೇಕಾಯಿ!" ಎಂಬ ಕೂಗು.

ಕೋರ್ಟಿಗೆ ನಾನೂ ಹೋಗಿದ್ದೆ. ಜಡ್ಜ್ ಸಾಹೇಬರು ಅತ್ತೆಯನ್ನು ನೋಡಿ ಮೃದುವಾಗಿ, "ಈ ವಯಸ್ಸಲ್ಲಿ ಯಾಕಮ್ಮಾ ಡೈವೋರ್ಸು?" ಎಂದು ಕೇಳಿದರು.

ಮಾವ ಎದ್ದು ನಿಂತರು. "ಎಲ್ಲಾದಕ್ಕೂ ನಾನೇ ಉತ್ತರ ಹೇಳ್ತೀನಂತ್ರೀ ಸಾಹೇಬ್ರೇ!"

ಇನ್ನು ಬೇರೆ ಸಾಕ್ಷಿ ಬೇಕೆ? ನಕ್ಕವರಲ್ಲಿ ನಾನೂ ಒಬ್ಬ. ಅತ್ತೆ ಮಾತ್ರ ನಗಲಿಲ್ಲ. ಆಮೇಲೆ ಅದನ್ನು ನೆನೆದು ನನಗೇ ನಾಚಿಕೆಯಾಯಿತು.

ಅತ್ತೆ ಈಗ ಸೊರಬದ ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆ ಮಾಡಿಕೊಂಡು ಬ್ಲೌಸ್ ಹೊಲಿಯುತ್ತಾರೆ. ಹೋದ ತಿಂಗಳು ನನ್ನ ತಂಗಿಯ ಮದುವೆಗೆ ಅವರನ್ನು ಕರೆಯಲು ಹೊರಟಾಗ ಮಾವ, "ನಾನೂ ಬರ್ತೀನಿ, ಹೊರಗೇ ನಿಂತಿರ್ತೀನಿ" ಎಂದು ಬಸ್ಸು ಹತ್ತಿಬಿಟ್ಟರು. ಅತ್ತೆ ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಲಗ್ನಪತ್ರಿಕೆ ಕೊಟ್ಟು, "ಮಾವನೂ ಇರ್ತಾರೆ. ನೀವು ಬರ್ತೀರಾ ಅತ್ತೆ?" ಎಂದೆ.

ಮಾವನ ಬಾಯಿ ತೆರೆಯಿತು. ಆದರೆ ಅವರು ತುಟಿ ಬಿಗಿಹಿಡಿದು ನೆಲ ನೋಡುತ್ತ ಕುಳಿತರು. ಅತ್ತೆ ಪತ್ರಿಕೆಯನ್ನು ಪೂರ್ತಿ ಓದಿದರು. ಮಡಿಸಿದರು. ಕಿಟಕಿಯಾಚೆ ನೋಡಿದರು. ಹೊರಗೆ ಒಂದು ಬಸ್ಸು ಬಂದು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು.

"ಬತ್ತೀನಿ," ಎಂದರು ಅತ್ತೆ. "ಹಿಂದಿನ ದಿನವೇ ಬತ್ತೀನಿ."

ವಾಪಸು ಬರುವಾಗ ಬಸ್ಸು ಶಿರಾಳಕೊಪ್ಪ ದಾಟಿತು. ಮಾವ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು:

"ಅವಳಿಗೆ ಉತ್ತರ ಹೇಳಾಕೆ ಅಷ್ಟು ಹೊತ್ತು ಬೇಕು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ. ನಲವತ್ತು ವರ್ಷದಾಗೆ ಒಂದ್ಸಲನೂ ಅಷ್ಟು ಹೊತ್ತು ಕಾದಿಲ್ಲ ನೋಡು ನಾನು."